ಅಮ್ಮನ ಕೈಲಿ ಮಾತ್ರೆ ಸ್ಟ್ರಿಪ್ ಬಿಚ್ಚೋಕಾಗ್ತಿಲ್ಲ, ನಿಮ್ಮನೆ ಹಿರಿಯರು ಏನ್ ಮಾಡ್ತಾರೆ?

ತುಂಗಾತೀರ:

ಎಲ್ರಿಗೂ ನಮಸ್ಕಾರ. ನಮ್ಮಮ್ಮ ತೀರ್ಥಹಳ್ಳಿ ಹತ್ರ ಊರಲ್ಲಿ ಒಬ್ರೇ ಇದಾರೆ, ಎಪ್ಪತ್ತು ದಾಟಿದೆ. ಓಡಾಟಕ್ಕೆ ಏನೂ ತೊಂದ್ರೆ ಇಲ್ಲ, ಬೆಳಿಗ್ಗೆ ತೋಟಕ್ಕೆ ಒಂದು ಸುತ್ತು ಹೋಗಿ ಬರ್ತಾರೆ, ಅಡುಗೆ ಅವ್ರದ್ದೇ, ಫೋನಲ್ಲಿ ದುಡ್ಡು ಕಳ್ಸೋದೂ ಬರತ್ತೆ. ಆದ್ರೆ ಎರಡೂ ಕೈ ಹೆಬ್ಬೆರಳಿನ ಬುಡದ ಕೀಲು ಸವೆದಿದೆ ಅಂತ ಡಾಕ್ಟ್ರು ಹೇಳಿದಾರೆ, ಸಾಲದ್ದಕ್ಕೆ ಹಳೇ ಶುಗರ್, ಬೆರಳ ತುದಿ ಯಾವಾಗ್ಲೂ ಜೋಮು ಹಿಡಿದ ಹಂಗಿರತ್ತಂತೆ. ಹಾಗಾಗಿ ಈಗ ಮನೇಲಿ ದಿನಾ ನಡೆಯೋ ದೊಡ್ಡ ಜಗಳ ಅಂದ್ರೆ ಪ್ಯಾಕೆಟ್ ಜೊತೆಗೆ.

ಹೋದ ಸಲ ಊರಿಗೆ ಹೋದಾಗ ಸುಮ್ನೆ ಪಕ್ಕದಲ್ಲಿ ಕೂತು ನೋಡಿದೆ. ಬಿಪಿ ಮಾತ್ರೆ ಪರವಾಗಿಲ್ಲ, ಪ್ಲಾಸ್ಟಿಕ್ ಗುಳ್ಳೆ ಒತ್ತಿದ್ರೆ ಟಪ್ ಅಂತ ಹಿಂದಿಂದ ಬರತ್ತೆ. ಶುಗರ್ ಮಾತ್ರೆದು ಎರಡೂ ಕಡೆ ಬೆಳ್ಳಿ ಹಾಳೆ, ಒತ್ತಿದ್ರೆ ಬರಲ್ಲ, ಎಳೆದ್ರೆ ಹರಿಯಲ್ಲ. ಅದಕ್ಕೆ ಅಮ್ಮ ಕಂಡ್ಕೊಂಡಿರೋ ದಾರಿ ಅಡಕತ್ತರಿ. ಅಡಿಕೆ ಹೋಳು ಮಾಡೋ ಹಂಗೆ ಸ್ಟ್ರಿಪ್ಪನ್ನ ಅದರ ಬಾಯಿಗೆ ಕೊಟ್ಟು ಕಟಕ್ ಅನ್ಸೋದು. ಕೆಲವು ಸಲ ಮಾತ್ರೆನೂ ಎರಡು ಹೋಳಾಗಿ ಒಂದು ಹೋಳು ಮಂಚದ ಕೆಳಗೆ ಹಾರಿ ಹೋಗತ್ತೆ, ಅಮ್ಮ "ಇವತ್ತಿಗೆ ಅರ್ಧ ಸಾಕು ಬಿಡು" ಅಂತಾರೆ!! ಮೊನ್ನೆ ಕಣ್ಣಿನ ಪೊರೆ ಆಪರೇಷನ್ ಬೇರೆ ಆಯ್ತು. ಡ್ರಾಪ್ಸ್ ಬಾಟ್ಲಿ ಮುಚ್ಚಳ ತೆಗೆದ್ರೆ ಮೂತೀಲಿ ತೂತೇ ಇಲ್ಲ, ಕಂಪನಿಯವ್ರು ಮರೆತಿದಾರೆ ಅಂತ ಸೇಫ್ಟಿ ಪಿನ್ ದೀಪದಲ್ಲಿ ಕಾಯಿಸಿ ಚುಚ್ಚಿದಾರೆ. ಉಪ್ಪಿನಕಾಯಿ ಬಾಟ್ಲಿ, ಎಣ್ಣೆ ಪ್ಯಾಕೆಟ್ಟು, ಬಿಸ್ಕೆಟ್ಟು, ಕೆಮ್ಮಿನ ಸಿರಪ್ಪು, ಇದರ ಕತೆ ಬೇರೆ ಬೇರೆ ಹೇಳೋದೇನೂ ಬೇಡ, ಎಲ್ಲ ಈಳಿಗೆಮಣೆ ಇಲ್ಲಾ ಹಲ್ಲು. ಹಲ್ಲೂ ಕಟ್ಟಿಸಿದ್ದು.

ಪಕ್ಕದ್ಮನೆ ಹುಡುಗನ್ನ ಕರೀಬಾರ್ದಾ ಅಂದ್ರೆ "ಒಂದು ಮುಚ್ಚಳ ತೆಗೆಯಕ್ಕೆ ಊರ ಜನನ್ನ ಕರೀಬೇಕಾ" ಅಂತ ನನ್ನ ಮೇಲೇ ಸಿಟ್ಟು. ಹಾಗಾಗಿ ಕೇಳ್ತಿರೋದು ಇಷ್ಟೇ, ಒಬ್ರೇ ಇರೋರು ಯಾರ ಸಹಾಯನೂ ಇಲ್ಲದೆ ಬಿಚ್ಚೋಕೆ ಏನಾದ್ರೂ ಸಾಮಾನು ಸಿಗತ್ತಾ, ನಾನೇ ತಿಂಗಳಿಗೊಂದ್ಸಲ ಹೋದಾಗ ಎಲ್ಲ ಮಾತ್ರೆ ಬಿಡಿಸಿ ಡಬ್ಬಿಗೆ ತುಂಬಿಟ್ಟು ಬಂದ್ರೆ ನಡೆಯತ್ತಾ, ಮತ್ತೆ ಈ ಪುಣ್ಯಾತ್ಮರು ಯಾಕಪ್ಪಾ ಇಷ್ಟು ಗಟ್ಟಿ ಮಾಡ್ತಾರೆ ಅದನ್ನೂ ಯಾರಾದ್ರೂ ಹೇಳಿ.

ಪೀಣ್ಯ_ಶಿಫ್ಟ್:

ಕೊನೇ ಪ್ರಶ್ನೆಗೆ ನಾನು ಹೇಳ್ತೀನಿ, ಫಾರ್ಮಾ ಪ್ಯಾಕಿಂಗ್ ಲೈನಲ್ಲೇ ಸುಮಾರು ವರ್ಷದಿಂದ ಇದೀನಿ.

ಬಿಪಿ ಮಾತ್ರೆದು ಸಾಮಾನ್ಯ ಬ್ಲಿಸ್ಟರ್. ಪಿವಿಸಿ ಅನ್ನೋ ಪ್ಲಾಸ್ಟಿಕ್ ಶೀಟನ್ನ ಬಿಸಿ ಮಾಡಿ ಗುಳಿ ಎಬ್ಬಿಸ್ತೀವಿ, ಮಾತ್ರೆ ಬೀಳತ್ತೆ, ಹಿಂದುಗಡೆ ತೆಳು ಅಲ್ಯುಮಿನಿಯಂ ಫಾಯಿಲ್ ಅಂಟಿಸ್ತೀವಿ. ಆ ಫಾಯಿಲ್ 20ರಿಂದ 25 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಅಷ್ಟೇ, ಹೆಬ್ಬೆಟ್ಟಲ್ಲಿ ಒತ್ತಿದ್ರೆ ಹರಿಯೋದಕ್ಕೇ ಇರೋದು. ಆದ್ರೆ ಪಿವಿಸಿ ಪೂರ್ತಿ ತೇವ ತಡೆಯಲ್ಲ, ನಿಧಾನಕ್ಕೆ ಗಾಳೀಲಿರೋ ನೀರಿನಂಶ ಒಳಗೆ ಬಿಡತ್ತೆ. ತೇವ ತಡ್ಕೊಳ್ಳದ ಮಾತ್ರೆಗೆ ಅಲು-ಅಲು ಹಾಕ್ತೀವಿ, ಅಂದ್ರೆ ಗುಳಿ ಇರೋ ಕಡೆನೂ ಅಲ್ಯುಮಿನಿಯಂ, ಅದರ ಒಂದು ಮಗ್ಗುಲಿಗೆ ನೈಲಾನು ಇನ್ನೊಂದು ಮಗ್ಗುಲಿಗೆ ಪಿವಿಸಿ. ಅದನ್ನ ಬಿಸಿ ಮಾಡದೆ ತಣ್ಣಗೇ ಅಚ್ಚಲ್ಲಿ ಒತ್ತಿ ಗುಳಿ ಮಾಡೋದು. ಗುಳಿ ಗಟ್ಟಿ, ಒತ್ತೋಕೆ ಜೋರು ಬೇಕು. ಇವೆರಡೂ ಅಲ್ಲದೆ ಹಳೇ ಕಾಲದ ಸ್ಟ್ರಿಪ್ ಪ್ಯಾಕ್ ಅಂತ ಇದೆ, ಎರಡು ಚಪ್ಪಟೆ ಫಾಯಿಲ್ ನಡುವೆ ಮಾತ್ರೆ ಇಟ್ಟು ನಾಲ್ಕೂ ಕಡೆ ಸೀಲ್ ಮಾಡಿರ್ತಾರೆ, ಗುಳಿನೇ ಇರಲ್ಲ, ಉಬ್ಬು ಮಾತ್ರ ಕಾಣತ್ತೆ. ಒತ್ತಿದ್ರೆ ಬರಲ್ಲ ಎಳೆದ್ರೆ ಹರಿಯಲ್ಲ ಅಂದ್ರಲ್ಲ, ನಿಮ್ಮಮ್ಮಂದು ಬಹುಶಃ ಇದೇ. ಆ ಫಾಯಿಲ್ ಒಳಗಡೆ ಪಾಲಿಥಿನ್ ಲೇಪ ಇರತ್ತೆ, ಅದು ಅಂಟೋಕೆ ಬೇಕು. ಎಳೆದಾಗ ಅಲ್ಯುಮಿನಿಯಂ ಹರಿದ್ರೂ ಆ ಪಾಲಿಥಿನ್ ಹರಿಯಲ್ಲ, ಸುಮ್ನೆ ಹಿಗ್ತಾ ಹೋಗತ್ತೆ. ಬಲ ಹಾಕಿದಷ್ಟೂ ಹಿಗ್ಗತ್ತೆ. ಅದಕ್ಕೇ ಅಂಚಲ್ಲಿ ಕತ್ತರಿಯಿಂದ ಸಣ್ಣ ಕಚ್ಚು ಹಾಕಿ ಆಮೇಲೆ ಎಳೀಬೇಕು, ಎರಡು ಮಾತ್ರೆ ಮಧ್ಯೆ ಗೆರೆಗೆರೆ ಸೀಲ್ ಜಾಗ ಇರತ್ತಲ್ಲ ಅಲ್ಲಿಂದ ಶುರು ಮಾಡಿ ಮಾತ್ರೆ ಕಡೆ ಓರೆಯಾಗಿ ಎಳೆದ್ರೆ ಸಲೀಸು. ಉಬ್ಬಿನ ಮೇಲೇ ಕತ್ತರಿ ಇಟ್ರೆ ಮಾತ್ರೆನೇ ಹೋಳು.

ಈಗ ಬೇಜಾರಿನ ವಿಷ್ಯ. ನಾವು ಪ್ರತಿ ಬ್ಯಾಚಲ್ಲೂ ಲೀಕ್ ಟೆಸ್ಟ್ ಮಾಡ್ತೀವಿ, ಸ್ಟ್ರಿಪ್ಪುಗಳನ್ನ ನೀಲಿ ಬಣ್ಣದ ನೀರಲ್ಲಿ ಮುಳುಗಿಸಿ ವ್ಯಾಕ್ಯೂಮ್ ಎಳೀತೀವಿ, ಆಮೇಲೆ ಒಂದೊಂದೂ ಬಿಚ್ಚಿ ನೋಡೋದು, ಒಳಗೆ ಒಂದು ಚುಕ್ಕೆ ನೀಲಿ ಕಂಡ್ರೂ ಮಿಷನ್ ನಿಲ್ಲತ್ತೆ, ಸೂಪರ್ವೈಸರ್ ಓಡಿ ಬರ್ತಾನೆ. ಆದ್ರೆ ಎಪ್ಪತ್ತು ವರ್ಷದ ಅಜ್ಜಿ ಕೈಗೆ ಕೊಟ್ಟು ಬಿಚ್ಚಮ್ಮ ನೋಡೋಣ ಅಂದಿದ್ದು ನಮ್ಮ ಲೈನಲ್ಲಂತೂ ನಾನು ಕಂಡಿಲ್ಲ. ಬಿಚ್ಚಿ ನೋಡೋರು ನಾವೇ, ಇಪ್ಪತ್ತೈದು ಮೂವತ್ತು ವಯಸ್ಸಿನ ಹುಡುಗ್ರು.

ಬಾಟ್ಲಿ ಮೂತಿ ಮೇಲಿನ ಸೀಲು, ಹರಿಯೋ ಪಟ್ಟಿ ಇವೆಲ್ಲ ಜಾಸ್ತಿ ಆಗಿದ್ದು 1982ರ ಮೇಲೆ. ಶಿಕಾಗೋದಲ್ಲಿ ಅಂಗಡೀಲಿದ್ದ ಟೈಲನಾಲ್ ಅನ್ನೋ ನೋವಿನ ಕ್ಯಾಪ್ಸೂಲಿಗೆ ಯಾರೋ ಸೈನೈಡ್ ಸೇರಿಸಿ ಏಳು ಜನ ತೀರ್ಕೊಂಡ್ರು, ಮಾಡಿದ್ದು ಯಾರು ಅಂತ ಇವತ್ತಿನವರೆಗೂ ಸಾಬೀತಾಗಿಲ್ಲ. ಅದಾದ್ಮೇಲೆ ಅಮೆರಿಕದಲ್ಲಿ ಸೀಲ್ ಕಡ್ಡಾಯ ಮಾಡಿದ್ರು, ಉಳಿದ ದೇಶದಲ್ಲೂ ಅದೇ ರೂಢಿ ಬಂತು. ಸೀಲ್ ಬೇಡ ಅನ್ನೋಕಾಗಲ್ಲ. ಆದ್ರೆ ಹಿಡಿದು ಎಳೆಯೋಕೆ ಒಂದು ಕಿವಿ ಬಿಡೋಕೆ ಏನು ಕಷ್ಟ ಅಂತ ನಂಗೂ ಅನ್ಸತ್ತೆ.

ನಿವೃತ್ತ_ಮೇಷ್ಟ್ರು_ಮೈಸೂರು:

ನಾನು ನಿಮ್ಮ ತಾಯಿಯವರ ವಯಸ್ಸಿನವನೇ ಕಣಮ್ಮ, ಹಾಗಾಗಿ ಸ್ವಲ್ಪ ಜಾಸ್ತಿ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ವಯಸ್ಸಾಯ್ತು ಶಕ್ತಿ ಇಲ್ಲ ಅಂತ ಎಲ್ರೂ ಅಂದ್ಕೋತಾರೆ. ನಾನು ಈಗಲೂ ಹಿತ್ತಲಲ್ಲಿ ಹಾರೆ ನೆಟ್ಟು ತೆಂಗಿನಕಾಯಿ ಸುಲೀತೀನಿ. ಆದರೆ ಬಿಸ್ಕೆಟ್ ಪ್ಯಾಕೆಟ್ಟಿನ ಕೆಂಪು ದಾರದ ತುದಿ ಹುಡುಕೋಕೆ ಸೊಸೆ ಬರಬೇಕು. ತೆಂಗಿನಕಾಯಿಗೆ ಹಿಡಿಯೋಕೆ ಜಾಗ ಇದೆ, ಆ ದಾರಕ್ಕೆ ಇಲ್ಲ, ವ್ಯತ್ಯಾಸ ಇಷ್ಟೇ. ವಯಸ್ಸಾದ ಮೇಲೆ ಬೆರಳ ತುದಿ ಒಣಗುತ್ತೆ, ಪ್ಲಾಸ್ಟಿಕ್ ಮೇಲೆ ಜಾರುತ್ತೆ, ಅದಕ್ಕೇ ಹಳಬರು ನೋಟು ಎಣಿಸೋವಾಗ, ಪುಟ ತಿರುವೋವಾಗ ಬೆರಳು ನಾಲಿಗೆಗೆ ಒತ್ತೋದು. "ಇಲ್ಲಿ ಹರಿಯಿರಿ" ಅಂತ ಬಾಣದ ಗುರುತು, ಚುಕ್ಕೆ ಗೆರೆ ಎಲ್ಲ ಛಾಪಿಸಿರ್ತಾರೆ, ಕನ್ನಡಕ ಹಾಕಿ ನೋಡಿದ್ರೆ ಅದು ಬರೀ ಚಿತ್ರ, ಅಲ್ಲಿ ತೂತೂ ಇಲ್ಲ ಕಚ್ಚೂ ಇಲ್ಲ. ನೀರಿನ ಬಾಟಲಿ ಮುಚ್ಚಳ ನೋಡಿ, ಪ್ಲಾಸ್ಟಿಕ್ ಉಳಿಸೋಕೆ ಗಿಡ್ಡ ಮಾಡ್ತಾ ಮಾಡ್ತಾ ಈಗ ಎರಡು ಬೆರಳಿಗೂ ಸಿಗೋದಿಲ್ಲ, ರೈಲಲ್ಲಿ ಪಕ್ಕದವರ ಕೈಗೆ ಕೊಡೋದು ನನಗೆ ಅಭ್ಯಾಸವೇ ಆಗಿದೆ.

ಜಾಮ್, ಉಪ್ಪಿನಕಾಯಿ ಬಾಟಲಿಗೆ ಮಾತ್ರ ಒಂದು ಉಪಾಯ ಹೇಳ್ತೀನಿ, ವಿಜ್ಞಾನದ ಮೇಷ್ಟ್ರಾಗಿದ್ದೆ. ಬಿಸಿ ಇರೋವಾಗಲೇ ತುಂಬಿ ಮುಚ್ಚಿರ್ತಾರೆ, ತಣ್ಣಗಾದಾಗ ಒಳಗಿನ ಆವಿ ನೀರಾಗಿ ಒಳಗೆ ಗಾಳಿಯ ಒತ್ತಡ ಕಮ್ಮಿ, ಹೊರಗಿನ ಗಾಳಿ ಮುಚ್ಚಳನ ಅಮುಕಿ ಹಿಡಿದಿರತ್ತೆ. ನೀವು ತಿರುಚ್ತಾ ಇರೋದು ಮುಚ್ಚಳನಲ್ಲ, ಆ ಒತ್ತಡದ ಜೊತೆ ಗುದ್ದಾಟ. ಸ್ಟೀಲ್ ಚಮಚದ ತುದಿಯನ್ನ ಮುಚ್ಚಳದ ಅಂಚಿಗೆ ಸಿಕ್ಕಿಸಿ ಮೆಲ್ಲಗೆ ಹೊರಗೆ ಮೀಟಿ, ಉಸ್ ಅಂತ ಗಾಳಿ ಹೋಗೋ ಸದ್ದು ಬಂತಾ, ಮುಚ್ಚಳದ ನಡುವಿನ ತಗ್ಗು ಟಿಕ್ ಅಂತ ಮೇಲೆ ಬಂತಾ, ಮುಗೀತು, ಆಮೇಲೆ ಮಗು ಕೂಡ ತೆಗೆಯುತ್ತೆ. ಒಮ್ಮೆ ತೆಗೆದಾದ ಮೇಲೆ ಸಕ್ಕರೆ ಪಾಕ, ಎಣ್ಣೆ ಒಣಗಿ ಅಂಟಿದ್ರೆ ಮುಚ್ಚಳ ಮಾತ್ರ ಬಿಸಿನೀರಲ್ಲಿ ಸ್ವಲ್ಪ ಹೊತ್ತು ಹಿಡೀರಿ, ತಗಡು ಗಾಜಿಗಿಂತ ಬೇಗ ಹಿಗ್ಗುತ್ತೆ.

ಇನ್ನೊಂದು, ಪ್ಯಾಕೆಟ್ ಮೇಲೆ ಗ್ರಾಹಕರ ದೂರಿಗೆ ಫೋನ್ ನಂಬರ್, ಇಮೇಲ್ ಹಾಕಲೇಬೇಕು ಅಂತ 2011ರ ಪೊಟ್ಟಣ ಸಾಮಗ್ರಿ ನಿಯಮ ಇದೆ. ನಾನು ಬಿಡೋದಿಲ್ಲ, ಫೋನ್ ಮಾಡ್ತೀನಿ. ಒಂದು ಮಸಾಲೆ ಪುಡಿ ಪ್ಯಾಕೆಟ್ ವಿಷಯಕ್ಕೆ ಮಾಡಿದಾಗ ಆ ಹುಡುಗಿ "ಸರ್ ಪ್ರಾಡಕ್ಟ್ ಡ್ಯಾಮೇಜ್ ಆಗಿದೆಯಾ" ಅಂದಳು. ಇಲ್ಲಮ್ಮ, ಏನು ಮಾಡಿದ್ರೂ ಡ್ಯಾಮೇಜ್ ಆಗ್ತಿಲ್ಲ, ಅದೇ ದೂರು ಅಂದೆ. ಪಾಪ, ಅವಳ ಕಂಪ್ಯೂಟರಲ್ಲಿ ಆ ತರದ ದೂರಿಗೆ ಜಾಗವೇ ಇರಲಿಲ್ಲ, ಕೊನೆಗೆ "ಇತರೆ" ಅಂತ ಬರ್ಕೊಂಡಳು.

ಕೂಲ್_ಗೌಡ:

ಇದಕ್ಕೆಲ್ಲ ಯಾಕೆ ಇಷ್ಟು ಚರ್ಚೆ, ಒಬ್ಬ ಕೆಲಸದವ್ರನ್ನ ಇಟ್ರೆ ಆಯ್ತಲ್ಲ

ನಿವೃತ್ತ_ಮೇಷ್ಟ್ರು_ಮೈಸೂರು:

ರಾತ್ರಿ ಎರಡು ಗಂಟೆಗೆ ಎದೆ ಹಿಡ್ಕೊಂಡಾಗ ನಾಲಿಗೆ ಕೆಳಗಿಡೋ ಮಾತ್ರೆ ಬಿಚ್ಚೋಕೆ ಕೆಲಸದವರು ಎಲ್ಲಿರ್ತಾರೆ ಗೌಡ್ರೆ?

ಹುಬ್ಬಳ್ಳಿ_ಮೆಡಿಕಲ್:

ಅಕ್ಕಾರ, ಮೊದಲ ಆ ಪಿನ್ನು ಬಂದ್ ಮಾಡಸ್ರಿ. ಆಪರೇಷನ್ ಆದ ಕಣ್ಣು ಅದು, ಆಟ ಅಲ್ಲ. ಕಂಪನಿಯವ್ರು ತೂತು ಹಾಕೂದು ಮರತಿಲ್ಲ, ಭಾಳಷ್ಟು ಡ್ರಾಪ್ಸ್ ಬಾಟ್ಲಿಗೆ ಮುಚ್ಚಳದ ಒಳಗ ಒಂದು ಸಣ್ಣ ಮೊಳಿ ಇರತೈತಿ. ಕುತ್ತಿಗಿ ಹತ್ರ ಪ್ಲಾಸ್ಟಿಕ್ ಬಳಿ ಇದ್ರ ಅದನ್ನ ಮೊದಲ ಕಿತ್ತು ತಗೀರಿ, ಆಮ್ಯಾಲ ಮುಚ್ಚಳಾ ತಗೀಲಾರದ ಇನ್ನೂ ಬಿಗಿ ಆಗೂಹಂಗ ತಿರವ್ರಿ, ಆ ಮೊಳಿ ಮೂತಿಗೆ ಹೊಕ್ಕು ತೂತ ಹಾಕತೈತಿ. ಆಮ್ಯಾಲ ಉಲ್ಟಾ ತಿರವಿ ತಗದ್ರ ಹನಿ ಬರತೈತಿ. ಪಿನ್ನಿನ ತೂತ ಹೆಚ್ಚು ಕಡಿಮಿ ಆಗತೈತಿ, ಒಂದ ಹನಿ ಬೀಳೂದ್ರಾಗ ನಾಕ ಬೀಳತಾವ, ಅದಕ್ಕಿಂತ ಹೆಚ್ಚಂದ್ರ ಹೊಲಸು ಒಳಗ ಹೋಕ್ಕೈತಿ. ಈಗ ಚುಚ್ಚಿದ್ದ ಬಾಟ್ಲಿ ಒಗದು ಹೊಸಾದು ತರಸ್ರಿ, ಕಣ್ಣು ಕೆಂಪಾಗಿದ್ರ ಇಲ್ಲಾ ನೋವಿದ್ರ ಇವತ್ತ ಡಾಕ್ಟರಿಗೆ ತೋರಸ್ರಿ. ನಮ್ಮ ಅಂಗಡ್ಯಾಗ ವಯಸ್ಸಾದವ್ರು ಬಂದ್ರ ಬಾಟ್ಲಿ ಹೆಂಗ ತಗೀಬೇಕು ಅಂತ ತೋರಿಸೇ ಕೊಡ್ತೀವಿ, ನಿಮ್ಮ ಊರಾಗೂ ಕೇಳ್ರಿ, ಇಲ್ಲ ಅನ್ನೂದಿಲ್ಲ.

ಈಗ ಡಬ್ಬಿ ವಿಚಾರ. ತಿಂಗಳ ಗುಳಿಗಿ ಎಲ್ಲಾ ಒಮ್ಮೆ ಬಿಡಿಸಿ ಇಡಬ್ಯಾಡ್ರಿ, ಅದೂ ನಿಮ್ಮ ಮಲೆನಾಡಿನ ಮಳಿಯಾಗ. ವಾರದ್ದಷ್ಟ ಸಾಕು, ಅದೂ ಒಣಾ ಜಾಗಾದಾಗ. ಕೆಲವು ಗುಳಿಗಿ ಹೊರಗ ತಗದು ಇಡೂದ ತಪ್ಪು. ಫಿಟ್ಸಿಗೆ ಕೊಡೋ ಸೋಡಿಯಂ ವಾಲ್ಪ್ರೋಯೇಟ್ ಗಾಳ್ಯಾಗಿನ ನೀರು ಹೀರಿ ಮೆತ್ತಗಾಗತೈತಿ. ರಕ್ತ ಹೆಪ್ಪುಗಟ್ಟಬಾರದಂತ ಕೊಡೋ ಡಾಬಿಗಟ್ರಾನ್ ಕ್ಯಾಪ್ಸೂಲು ಅದರ ಪ್ಯಾಕಿನಾಗ ಇರಬೇಕು. ಎದಿನೋವಿಗೆ ನಾಲಿಗಿ ಕೆಳಗ ಇಡೋ ನೈಟ್ರೋಗ್ಲಿಸರಿನ್ ಗುಳಿಗಿ ಅದರ ಗಾಜಿನ ಬಾಟ್ಲಿ ಬಿಟ್ಟು ಬ್ಯಾರೆ ಕಡೆ ಇಟ್ರ ಶಕ್ತಿ ಹೋಕ್ಕೈತಿ. ತಾಯಿಯವ್ರ ಚೀಟಿ ಒಯ್ದು ಯಾವ್ಯಾವು ಡಬ್ಬ್ಯಾಗ ಇಡಬಹುದು ಅಂತ ಮೆಡಿಕಲ್ಲಿನಾಗ ಗುರ್ತು ಹಾಕಿಸ್ಕೋರಿ. ಖಾಲಿ ಸ್ಟ್ರಿಪ್ಪು, ಎಕ್ಸಪೈರಿ ಡೇಟು ಇದ್ದ ತುಂಡು, ಅದು ಡಬ್ಬಿ ಜೋಡಿನ ಇರಲಿ.

ಅಡಕತ್ತರಿ ಓದಿ ನಗಿನೂ ಬಂತು, ಅಂಜಿಕಿನೂ ಬಂತು. ಹೆಸರಿನ ಮುಂದ ಎಸ್ಆರ್, ಎಕ್ಸ್ಆರ್ ಅಂತ ಇದ್ರ ಅದು ನಿಧಾನಕ ಕರಗೂ ಗುಳಿಗಿ, ಡಾಕ್ಟ್ರು ಇಲ್ಲಾ ಮೆಡಿಕಲ್ಲಿನವ್ರು ಹೇಳಲಾರದ ಹೋಳ ಮಾಡಬಾರ್ದು, ದಿನಾ ಪೂರ್ತಿ ಇಳೀಬೇಕಾದ ಔಷಧ ಒಮ್ಮೆಲೆ ಇಳದು ಬಿಡತೈತಿ. ಶುಗರಿನ ಗುಳಿಗಿ ಭಾಳಷ್ಟು ಇಂಥಾವ ಇರತಾವ, ನೋಡ್ರಿ. ಮತ್ತ ಸ್ಟ್ರಿಪ್ಪು ಒಂದೊಂದ ಚೌಕ ಕತ್ತರಿಸಿ ಇಡೂದೂ ಬ್ಯಾಡ. ಕತ್ತಲ್ಯಾಗ ಹಾಳಿ ಸಮೇತ ನುಂಗಿದವ್ರು ಅದಾರ, ಆ ಮೂಲಿ ಗಂಟಲಾಗ, ಅನ್ನನಾಳದಾಗ ಕೊರೀತೈತಿ. ಜಪಾನದಾಗ ಇದ ತ್ರಾಸ ಅಂತ 1996ರಾಗ ಕಂಪನಿಯವ್ರ ತಾವ ಮಾತಾಡಿ ಒಂದೊಂದ ಬಿಡಿಯಾಗಿ ಕಿತ್ತು ಬರಲಾರದಂಗ ಹರಿಯೂ ಗೆರಿ ಒಂದ ದಿಕ್ಕಿಗೆ ಇಟ್ರು.

ಇನ್ನೊಂದು ಯಾರೂ ಕೇಳೂದಿಲ್ಲ, ಅದನ್ನ ಹೇಳ್ತೇನಿ. ಅದ ಔಷಧ, ಅದ ಮಿಲಿಗ್ರಾಂ, ಬ್ಯಾರೆ ಕಂಪನಿದು ಒತ್ತಿದ್ರ ಬರೋ ಬ್ಲಿಸ್ಟರಿನಾಗ ಸಿಗಬಹುದು. "ತಗೀಲಿಕ್ಕೆ ಹಗೂರ ಇದ್ದದ್ದು ಕೊಡ್ರಿ" ಅಂತ ಕೇಳ್ರಿ, ಡಾಕ್ಟರಿಗೂ ಒಂದ ಮಾತ ಹೇಳ್ರಿ, ಅವ್ರೂ ಬರದು ಕೊಡ್ತಾರ.

ಎಡಿಸನ್_ಕನ್ನಡಿಗ:

ಇಲ್ಲಿ ನ್ಯೂಜೆರ್ಸಿಲಿ ಕತೆ ಉಲ್ಟಾ. ಇಲ್ಲಿ ಸ್ಟ್ರಿಪ್ಪೇ ಕಮ್ಮಿ, ಮಾತ್ರೆ ಎಲ್ಲ ಕಿತ್ತಳೆ ಬಣ್ಣದ ಬಾಟ್ಲಿಗೆ ಎಣಿಸಿ ಹಾಕಿ ಕೊಡ್ತಾರೆ, ಮುಚ್ಚಳ ಒತ್ತಿ ಹಿಡ್ಕೊಂಡೇ ತಿರುಗಿಸ್ಬೇಕು, ಬರೀ ತಿರುಗಿಸಿದ್ರೆ ಕಟಕಟ ಅಂತ ಸುಮ್ನೆ ಸುತ್ತತ್ತೆ. ಮಕ್ಕಳು ತೆಗೀಬಾರ್ದು ಅಂತ. ಈ ತರದ ಒತ್ತಿ ತಿರುಗಿಸೋ ಮುಚ್ಚಳ ಬಂದಿದ್ದು 1967ರಲ್ಲಿ, ಕೆನಡಾದ ವಿಂಡ್ಸರ್ ಊರಿನ ಮಕ್ಕಳ ಡಾಕ್ಟ್ರು ಹೆನ್ರಿ ಬ್ರೋ ಅಂತ, ಮಾತ್ರೆ ನುಂಗಿ ಆಸ್ಪತ್ರೆಗೆ ಬರೋ ಮಕ್ಕಳನ್ನ ನೋಡಿ ನೋಡಿ ಸಾಕಾಗಿ ಹಠ ಹಿಡಿದು ಮಾಡ್ಸಿದ್ದು. ಅಮೆರಿಕದಲ್ಲಿ 1970ರಲ್ಲಿ ಕಾನೂನೇ ಬಂತು. ಒಳ್ಳೇದೇ. ಆದ್ರೆ ಊರಿಂದ ಬಂದಿದ್ದ ನಮ್ಮಪ್ಪಂಗೆ (ಎಂಬತ್ತರ ಹತ್ರ) ಒತ್ತೋದೂ ತಿರುಗಿಸೋದೂ ಒಟ್ಟಿಗೆ ಆಗ್ತಿರ್ಲಿಲ್ಲ, ನಾವು ಆಫೀಸಿಗೆ ಹೋದ್ಮೇಲೆ ಐದು ವರ್ಷದ ಮೊಮ್ಮಗನ ಹತ್ರ ತೆಗೆಸ್ಕೋತಿದ್ರು ಅಂತ ಆಮೇಲೆ ಗೊತ್ತಾಯ್ತು!! ಯಾರಿಗೆ ಸಿಗಬಾರ್ದು ಅಂತ ಮಾಡಿದ್ರೋ ಅವನೇ ಅಲ್ಲಿ ಕಾಂಪೌಂಡರು.

ಸ್ವಲ್ಪ ಓದಿದಾಗ ತಿಳಿದಿದ್ದು, ಇಲ್ಲಿನ ಟೆಸ್ಟ್ ನಿಯಮದಲ್ಲಿ ಮಕ್ಕಳ ಜೊತೆ ಹಿರಿಯರಿಗೂ ಕೊಟ್ಟು ನೋಡ್ಬೇಕು ಅಂತಿದೆ, ಮೊದಲ ಸಲ 5 ನಿಮಿಷ, ಎರಡನೇ ಸಲ 1 ನಿಮಿಷದೊಳಗೆ ತೆಗೆದು ಮುಚ್ಚಬೇಕು. ಹಿರಿಯರು ಅಂದ್ರೆ ಯಾರು ಅಂದ್ರೆ 50ರಿಂದ 70 ವಯಸ್ಸಿನೋರು. ಎಪ್ಪತ್ತಾದ್ಮೇಲೆ ಅಲ್ವಾ ಮಾತ್ರೆ ಬಾಟ್ಲಿ ಸಾಲು ಸಾಲು ನಿಲ್ಲೋದು. ಮಗ ಸೊಸೆ ಜೊತೆ ಇಲ್ಲಿಗೆ ಬಂದಿರೋ ಅಪ್ಪ ಅಮ್ಮಂದಿರಿಗೆ ಉಪಯೋಗ ಆಗ್ಲಿ ಅಂತ ಹೇಳ್ತೀನಿ, ಫಾರ್ಮಸೀಲಿ ಕೇಳಿದ್ರೆ ಸಾದಾ ಮುಚ್ಚಳ ಹಾಕಿ ಕೊಡ್ತಾರೆ, ಕಾನೂನಲ್ಲೇ ಅವಕಾಶ ಇದೆ, ಬಾಯಿ ಬಿಟ್ಟು ಕೇಳ್ಬೇಕು ಅಷ್ಟೇ. ಕೇಳಿ ತಗೊಂಡ್ರೆ ಬಾಟ್ಲಿ ಮಾತ್ರ ಮೊಮ್ಮಕ್ಕಳ ಕೈಗೆ ಸಿಗದ ಕಡೆ ಬೀಗದಲ್ಲಿಡಿ, ನಾವು ಹಾಗೇ ಮಾಡಿದ್ವಿ.

ಕುಡ್ಲದ_ಚಿಕ್ಕಮ್ಮ:

ಮಾರಾಯ್ರೆ, ಎಲ್ರೂ ಮಾತ್ರೆಯದ್ದೇ ಹೇಳ್ತೀರಿ, ಗ್ಯಾಸ್ ಸಿಲಿಂಡರಿನ ಮುಚ್ಚಳ ಒಮ್ಮೆ ತೆಗೆದು ನೋಡಿ! ಆ ಬಿಳಿ ನೈಲಾನ್ ದಾರ ಎಳೆದು ಎಳೆದು ನನ್ನ ಬೆರಳಲ್ಲಿ ಬರೆ ಬಿದ್ದದ್ದುಂಟು. ಈಗ ದಾರದ ಕುಣಿಕೆಯೊಳಗೆ ಲಟ್ಟಣಿಗೆ ತೂರಿಸಿ ಎರಡೂ ಕೈಯಲ್ಲಿ ಎಳೆಯುವುದು, ಬೆರಳಿಗೆ ಏನೂ ಆಗುವುದಿಲ್ಲ. ಅದಕ್ಕಿಂತ ಒಳ್ಳೆಯದು ಸಿಲಿಂಡರ್ ತಂದವನ ಎದುರೇ ಮುಚ್ಚಳ ತೆಗೆಸಿ, ಲೀಕ್ ಉಂಟಾ ನೋಡಿ ಅಂತ ಹೇಳಿ, ಆಮೇಲೆ ಸಡಿಲವಾಗಿ ಮುಚ್ಚಿ ಇಡಲು ಹೇಳುವುದು.

ತುಂಗಾತೀರ ಅವರೇ, ನಿಮ್ಮ ಅಮ್ಮನಿಗೆ ಒಂದು ಸಾಮಾನು ತೆಗೆದುಕೊಡಿ. ಟೈಲರ್ ಹತ್ರ ದಾರ ಕತ್ತರಿಸುವ ಸಣ್ಣ ಕತ್ತರಿ ಇರ್ತದಲ್ಲ, ಬೆರಳು ತೂರಿಸುವ ಕಣ್ಣು ಇಲ್ಲದ್ದು, ಹಿಡಿದು ಒತ್ತಿದ್ರೆ ಕತ್ತರಿಸ್ತದೆ, ಬಿಟ್ರೆ ಸ್ಪ್ರಿಂಗಿನ ಹಾಗೆ ತಾನೇ ತೆರೆದುಕೊಳ್ತದೆ. ದೊಡ್ಡ ಕತ್ತರಿಯಲ್ಲಿ ಪ್ರತಿ ಸಲ ಹೆಬ್ಬೆರಳಿನಿಂದ ಬಿಡಿಸಬೇಕು, ನೋವಿನವರಿಗೆ ಆಗುವುದೇ ಅಲ್ಲಿ. ಇದನ್ನು ಮುಷ್ಟಿಯಲ್ಲಿ ಹಿಡಿದ್ರೂ ನಡೀತದೆ. ಬೆಲೆಯೂ ಕಮ್ಮಿ, ನಾನು ನಾಲ್ಕು ತಂದು ದೇವರ ಕೋಣೆ, ಅಡುಗೆಮನೆ, ಮಂಚದ ಪಕ್ಕ, ಚಾವಡಿ ಎಲ್ಲಾ ಕಡೆ ದಾರ ಕಟ್ಟಿ ನೇತು ಹಾಕಿದ್ದೇನೆ. ತುದಿ ಚೂಪು, ಟೊಪ್ಪಿ ಇದ್ರೆ ಹಾಕಿಡಿ.

ಬಾಟಲಿ ಮುಚ್ಚಳಕ್ಕೆ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡು ಹಿಡಿದ್ರೆ ಜಾರುವುದಿಲ್ಲ. ಬಾಟಲಿ ಕೆಳಗೆ ಒದ್ದೆ ಬಟ್ಟೆ ಇಟ್ಟು, ಬೆರಳಲ್ಲಿ ತಿರುಗಿಸದೆ ಅಂಗೈ ಇಟ್ಟು ಭುಜದಿಂದ ತಿರುಗಿಸ್ಬೇಕು, ನನ್ನ ಫಿಸಿಯೋಥೆರಪಿಯವಳು ಹೇಳಿಕೊಟ್ಟದ್ದು. ಕೆಮ್ಮಿನ ಸಿರಪ್ಪಿನ ತಗಡಿನ ಮುಚ್ಚಳಕ್ಕೆ ಮೊದಲ ಸಲ ಕೆಳಗಿನ ಬಳೆ ಕಡಿಯುವವರೆಗೆ ಮಾತ್ರ ಬಲ ಬೇಕು, ಅಷ್ಟನ್ನು ಅಂಗಡಿಯಲ್ಲೇ ಮಾಡಿಸಿ ತರ್ತೇನೆ. ಈಳಿಗೆಮಣೆಗೆ ಎಣ್ಣೆ ಪ್ಯಾಕೆಟ್ ಕೊಡುವುದು ಮಾತ್ರ ಬೇಡವೇ ಬೇಡ, ಎಣ್ಣೆ ಕೈಗೆ ಚೆಲ್ಲಿ ಜಾರಿದ್ರೆ ಬೆರಳೇ ಹೋಗ್ತದೆ. ಪ್ಯಾಕೆಟನ್ನು ಅಗಲ ಬಾಯಿಯ ಡಬ್ಬಿಯೊಳಗೆ ನಿಲ್ಲಿಸಿ ಆಮೇಲೆ ಮೂಲೆ ಕತ್ತರಿಸಿ. ಹಾಲಿನ ಪ್ಯಾಕೆಟ್ ಕೂಡ ಹಾಗೇ, ಆ ಸಣ್ಣ ತುಂಡು ಪೂರ್ತಿ ಬೀಳಿಸ್ಬೇಡಿ, ಅಂಟಿಕೊಂಡೇ ಇರಲಿ, ಇಲ್ಲದಿದ್ರೆ ಕಸ ಹೆಕ್ಕಲು ಬಗ್ಗುವವರು ಯಾರು?

ಪೀಣ್ಯ_ಶಿಫ್ಟ್:

ಎಡಿಸನ್ ಅವ್ರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಸುಲಭವಾಗಿ ತೆಗೆಯೋ ಪ್ಯಾಕಿಂಗ್ ಹೆಂಗಿರ್ಬೇಕು ಅಂತಾನೇ ಒಂದು ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡ್ ಇದೆ, ಐಎಸ್ಒ 17480, 2015ರಲ್ಲಿ ಬಂದಿದ್ದು. ಎಲ್ಲಿಂದ ತೆಗೀಬೇಕು ಅಂತ ಕಣ್ಣಿಗೆ ಕಾಣ್ಬೇಕು, ಬೆರಳಿಗೆ ಸಿಗ್ಬೇಕು, ಜಾಸ್ತಿ ಬಲ ಬೇಕಾಗ್ಬಾರ್ದು, ಅಂದಾಜು ಅದೇ. ನಮ್ಮಲ್ಲೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 43ನೇ ಸೆಕ್ಷನ್ನಲ್ಲಿ ದಿನಬಳಕೆ ವಸ್ತುಗಳು ಎಲ್ರೂ ಬಳಸೋ ಹಂಗೆ ತಯಾರಾಗೋಕೆ ಸರ್ಕಾರ ಪ್ರೋತ್ಸಾಹ ಕೊಡ್ಬೇಕು ಅಂತಿದೆ. ನಮ್ಮ ಕ್ಯಾಂಟೀನಲ್ಲಿ ಈ ಮಾತು ಎತ್ತಿದ್ರೆ "ಫಾಯಿಲ್ ಬದಲಾಯಿಸಿದ್ರೆ ಮತ್ತೆ ಸ್ಟೆಬಿಲಿಟಿ ಟೆಸ್ಟ್ ಮಾಡ್ಬೇಕು, ದುಡ್ಡು ಯಾರಪ್ಪಂದು" ಅಂತಾರೆ. ಅದೂ ಸುಳ್ಳಲ್ಲ, ಪ್ಯಾಕ್ ಬದಲಾದ್ರೆ ಅದರಲ್ಲಿ ಔಷಧ ಎಷ್ಟು ದಿನ ಕೆಡದೆ ಇರತ್ತೆ ಅಂತ ಮತ್ತೆ ಮೊದಲಿಂದ ತೋರಿಸ್ಬೇಕು. ಆದ್ರೆ ಬಿಸ್ಕೆಟ್ಟು, ಮಸಾಲೆ ಪುಡಿಗೆ ಈ ನೆಪ ಇಲ್ಲ. ಅಂಚಲ್ಲಿ ಒಂದು ಕಚ್ಚು ಹಾಕೋಕೆ ಸೀಲ್ ಮಾಡೋ ಜಾಗದಲ್ಲೇ ಸಣ್ಣ ಬ್ಲೇಡ್ ಕೂರಿಸಿದ್ರೆ ಆಯ್ತು. ಆ ಬ್ಲೇಡ್ ಮೊಂಡಾದಾಗ ಬದಲಾಯಿಸದೆ ಓಡಿಸ್ತಾರಲ್ಲ, ಆವಾಗ್ಲೇ ಮೇಷ್ಟ್ರು ಹೇಳಿದ ಹಂಗೆ ಬಾಣದ ಗುರುತು ಇರತ್ತೆ, ಕಚ್ಚು ಇರಲ್ಲ.

ಮೇಷ್ಟ್ರೇ, ನೀವು ಫೋನ್ ಮಾಡೋದು ಬಿಡ್ಬೇಡಿ. ಬ್ಯಾಚ್ ನಂಬರ್ ಹೇಳಿ ಮಾಡಿ. ಬ್ಯಾಚ್ ನಂಬರ್ ಇಟ್ಕೊಂಡು ದೂರು ಬಂದ್ರೆ ಲೈನಿನವ್ರೆಗೂ ಬರತ್ತೆ, ಇಲ್ಲಾಂದ್ರೆ ಆ "ಇತರೆ"ಲೇ ಉಳಿಯತ್ತೆ.

ತುಂಗಾತೀರ:

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಹುಬ್ಬಳ್ಳಿಯವ್ರ ಉತ್ತರ ನೋಡಿದ ತಕ್ಷಣ ಅಮ್ಮಂಗೆ ಫೋನ್ ಮಾಡಿ ಆ ಡ್ರಾಪ್ಸ್ ಬಾಟ್ಲಿ ಬಿಸಾಕ್ಸಿದೆ, ಪರಿಚಯದ ಆಟೋದವ್ರ ಕೈಲಿ ಹೊಸದು ತರ್ಸಿದ್ವಿ, ವಿಡಿಯೋ ಕಾಲಲ್ಲಿ ಮುಚ್ಚಳ ಬಿಗಿ ಮಾಡಿ ತೂತು ಬೀಳ್ಸೋದು ಹೇಳ್ಕೊಟ್ಟೆ. "ಅಯ್ಯೋ ಇಷ್ಟೇನಾ, ಇದನ್ನ ಮೇಲೆ ಬರೀಬಾರ್ದಿತ್ತಾ" ಅಂದ್ರು. ಬರೆದಿದಾರೆ, ನಾನು ಫೋಟೋ ತೆಗೆದು ದೊಡ್ಡದು ಮಾಡಿ ನೋಡ್ದೆ, ಇಂಗ್ಲಿಷಲ್ಲಿ ಇರುವೆ ಸಾಲಿನಷ್ಟು ಸಣ್ಣಕ್ಕೆ. ಕಣ್ಣಿನ ಆಪರೇಷನ್ ಆದೋರು ಓದೋಕೆ ಅಂತ! ಪುಣ್ಯಕ್ಕೆ ಕಣ್ಣು ಕೆಂಪಾಗಿಲ್ಲ, ಆದ್ರೂ ಡಾಕ್ಟ್ರಿಗೆ ತೋರಿಸ್ಕೊಂಡು ಬಂದಿದಾರೆ.

ಶುಗರ್ ಮಾತ್ರೆ ಹೆಸರಿನ ಮುಂದೆ ಎಸ್ಆರ್ ಅಂತ ಇದೆ, ಹಾಗಾಗಿ ಅಡಕತ್ತರಿ ಮತ್ತೆ ಅಡಿಕೆ ಕೆಲಸಕ್ಕೆ ವಾಪಸ್. ಅದೇ ಮಾತ್ರೆ ಒತ್ತಿದ್ರೆ ಬರೋ ಪ್ಯಾಕಲ್ಲಿ ಬೇರೆ ಕಂಪನಿದು ಸಿಗತ್ತೆ ಅಂತ ಮೆಡಿಕಲ್ಲಿನವ್ರು ಹೇಳಿದ್ರು, ಮುಂದಿನ ತಿಂಗಳಿಂದ ಅದನ್ನೇ ಬರ್ಕೊಡ್ತೀನಿ ಅಂತ ಡಾಕ್ಟ್ರೂ ಒಪ್ಪಿದಾರೆ. ಇಷ್ಟು ವರ್ಷ ಈ ಪ್ರಶ್ನೆನೇ ಯಾರೂ ಕೇಳಿರ್ಲಿಲ್ಲ ಅಂದ್ರಂತೆ. ಟೈಲರ್ ಕತ್ತರಿ ಶಿವಮೊಗ್ಗದಿಂದ ತರ್ಸಿ ಕಳ್ಸಿದೀನಿ. ಮೊದಲು "ಇದೇನು ಆಟದ ಸಾಮಾನಾ" ಅಂದ್ರು, ಈಗ ಹೂ ಕೊಯ್ಯೋಕೂ ಅದೇ ಬೇಕಂತೆ, ಮಂಚದ ಹತ್ರ ನೇತು ಹಾಕಿದ್ದು ಅಂಗಳಕ್ಕೆ ಹೋಗಿದೆ, ಇನ್ನೊಂದೆರಡು ಕಳ್ಸು ಅಂತ ಆರ್ಡರ್ ಬಂದಿದೆ.

ಒಂದು ಉಳಿದಿದೆ, ಹುಬ್ಬಳ್ಳಿಯವ್ರೇ. ಮಂಡಿ ನೋವಿನ ಮುಲಾಮು ಟ್ಯೂಬ್ ಮೂತಿಗೆ ಬೆಳ್ಳಿ ಪೊರೆ ಇರತ್ತಲ್ಲ, ಅದಕ್ಕೂ ಅಮ್ಮ ಪಿನ್ನೇ ಉಪಯೋಗ್ಸೋದು. ಅದಕ್ಕೂ ಏನಾದ್ರೂ ಮೊಳೆ ಇದೆಯಾ?

ಹುಬ್ಬಳ್ಳಿ_ಮೆಡಿಕಲ್:

ಐತಿ ಅಕ್ಕಾರ. ಟ್ಯೂಬಿನ ಮುಚ್ಚಳಾ ತಗದು ಬೋರಲು ಮಾಡಿ ನೋಡ್ರಿ, ಮ್ಯಾಲಿನ ತುದ್ಯಾಗ ಸಣ್ಣ ಚೂಪು ಇರತೈತಿ. ಅದನ್ನ ಮೂತಿ ಮ್ಯಾಲ ಇಟ್ಟು ಒತ್ತಿ ಸ್ವಲ್ಪ ತಿರವಿದ್ರ ಪೊರಿ ಹರೀತೈತಿ. ಎಲ್ಲಾ ಟ್ಯೂಬಿಗೆ ಇರೂದಿಲ್ಲ, ಇಲ್ಲಂದ್ರ ಅಂಗಡ್ಯಾಗ ಕೊಳ್ಳೂ ಮುಂದ ತಗದು ಕೊಡ್ರಿ ಅನ್ರಿ. ಮತ್ತ ಹೊಸಾ ಡ್ರಾಪ್ಸ್ ಬಾಟ್ಲಿ ಮ್ಯಾಲ ಬಿಚ್ಚಿದ ತಾರೀಖು ಪೆನ್ನಿಲೆ ಬರೀಲಿಕ್ಕೆ ಹೇಳ್ರಿ, ತಿಂಗಳಾದ ಮ್ಯಾಲ ಔಷಧ ಉಳದಿದ್ರೂ ಇಟ್ಕೊಳ್ಳೂದು ಬ್ಯಾಡ.